ತುರ್ತು ಮಾತ್ರೆಯ ನಂತರದ ಮುಟ್ಟು: ನಾನು ಕೇಳುವ ಮೂರು ದಿನಾಂಕಗಳು

ತಾಲ್ಲೂಕು ಕೇಂದ್ರವೊಂದರಲ್ಲಿ ಸ್ತ್ರೀರೋಗ ವೈದ್ಯೆಯಾಗಿರುವ ನನ್ನ ಬಳಿಗೆ, ತುರ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಂಡ ಮೇಲೆ ಮುಟ್ಟು ಏರುಪೇರಾಯಿತೆಂದು ಹೆದರಿ ಬರುವವರು ಅನೇಕರಿದ್ದಾರೆ. ಕಳೆದ ಮುಟ್ಟು ಆರಂಭವಾದ ದಿನ, ಸಂಭೋಗ ನಡೆದ ದಿನ, ಮಾತ್ರೆ ನುಂಗಿದ ದಿನ ಮತ್ತು ಹೊತ್ತು, ಇವಿಷ್ಟನ್ನು ಮೊದಲು ಕೇಳಿ ಅವರೆದುರಿನಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಅತ್ತೆಯೋ ಅಕ್ಕನೋ ಪಕ್ಕದಲ್ಲಿದ್ದರೆ ಈ ದಿನಾಂಕಗಳು ಸರಿಯಾಗಿ ಹೊರಬರುವುದಿಲ್ಲವಾದ್ದರಿಂದ, ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಳ್ಳುತ್ತೇನೆ. ಮಾತ್ರೆಯ ಪೊಟ್ಟಣವಿದ್ದರೆ ಅದನ್ನೂ ನೋಡುತ್ತೇನೆ. ಹಬ್ಬ, ಮದುವೆಗಳಿಗಾಗಿ ಮುಟ್ಟನ್ನು ಮುಂದೂಡುವ ಮಾತ್ರೆಯನ್ನೋ ಗರ್ಭಪಾತದ ಮಾತ್ರೆಯನ್ನೋ ಇದೇ ಎಂದು ತಿಳಿದವರಿದ್ದಾರೆ.

ನಮ್ಮಲ್ಲಿ ಅಂಗಡಿಗಳಲ್ಲಿ ದೊರೆಯುವ ತುರ್ತು ಮಾತ್ರೆಯಲ್ಲಿರುವುದು 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್. ಅಂಡಾಶಯದಿಂದ ಅಂಡ ಹೊರಬರಲು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳುಹಿಸುವ ಹಾರ್ಮೋನಿನ ಏರಿಕೆಯನ್ನು ತಡೆದು ಅಂಡೋತ್ಪತ್ತಿಯನ್ನು ಮುಂದೂಡುವುದೇ ಅದರ ಮುಖ್ಯ ಕೆಲಸ; ಆಗಲೇ ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ. ಸಂಭೋಗವಾದ 72 ಗಂಟೆಗಳೊಳಗೆ, ಆದಷ್ಟು ಬೇಗ ತೆಗೆದುಕೊಳ್ಳಬೇಕೆನ್ನುವುದು ಇದಕ್ಕಾಗಿಯೇ. ಮುಟ್ಟು ಮುಗಿದ ಕೆಲವೇ ದಿನಗಳಲ್ಲಿ ಮಾತ್ರೆ ನುಂಗಿದವರಿಗೆ ಮುಂದಿನ ಮುಟ್ಟು ಬೇಗ ಬರುವುದುಂಟು. ಅಂಡೋತ್ಪತ್ತಿಯ ಆಸುಪಾಸಿನಲ್ಲಿ ಅಥವಾ ಅದರ ನಂತರ ನುಂಗಿದವರಿಗೆ ಹೇಳಿದ ದಿನಕ್ಕೇ ಬರಬಹುದು, ಕೆಲವು ದಿನ ತಡವೂ ಆಗಬಹುದು. ಹೆಚ್ಚಿನವರಿಗೆ ಈ ವ್ಯತ್ಯಾಸ ಒಂದು ವಾರವನ್ನು ಮೀರುವುದಿಲ್ಲ. ಕ್ಯಾಲೆಂಡರಿನಲ್ಲಿ ಇದನ್ನು ಬೆರಳಿಟ್ಟು ತೋರಿಸಿದಾಗ ಅರ್ಧ ಭಯ ಅಲ್ಲಿಯೇ ಇಳಿಯುತ್ತದೆ.

ನಾನು ಅತಿ ಹೆಚ್ಚು ಸಮಯ ಕೊಡುವುದು ಮಾತ್ರೆಯ ನಂತರದ ಕೆಲವೇ ದಿನಗಳಲ್ಲಿ ಕಾಣುವ ರಕ್ತದ ಕಲೆಯ ವಿಷಯಕ್ಕೆ. ಅದನ್ನು ಮುಟ್ಟೆಂದು ಎಣಿಸಿ, ಗರ್ಭವಿಲ್ಲವೆಂದು ನಿಶ್ಚಿಂತರಾಗಿ, ಪರೀಕ್ಷೆಯನ್ನೇ ಬಿಟ್ಟುಬಿಡುವವರಿದ್ದಾರೆ. ಆ ಕಲೆ ಹಾರ್ಮೋನಿನ ಪರಿಣಾಮವಷ್ಟೇ ಆಗಿರಬಹುದು. ನಿರೀಕ್ಷಿತ ದಿನಕ್ಕಿಂತ ಒಂದು ವಾರ ತಡವಾದರೆ, ಅಥವಾ ಮುಟ್ಟು ಎಂದಿಗಿಂತ ತೀರಾ ಕಡಿಮೆ ಹೋದರೆ, ಮೂತ್ರ ಪರೀಕ್ಷೆ ಮಾಡಿಸಲೇಬೇಕೆಂದು ಹೇಳುತ್ತೇನೆ. ಕಳೆದ ಮುಟ್ಟಿನ ದಿನಾಂಕವೇ ನೆನಪಿಲ್ಲದವರಿಗೆ ಸಂಭೋಗದಿಂದ ಮೂರು ವಾರ ಎಣಿಸಿಕೊಡುತ್ತೇನೆ. ಕಿಬ್ಬೊಟ್ಟೆಯ ಒಂದು ಬದಿ ತೀವ್ರವಾಗಿ ನೋಯುತ್ತಿದ್ದರೆ, ಗರ್ಭನಾಳದಲ್ಲಿ ಗರ್ಭ ನಿಂತಿರುವ ಸಾಧ್ಯತೆಯಿರುವುದರಿಂದ, ಅದೇ ದಿನ ಸ್ಕ್ಯಾನ್ ಮಾಡಿಸುತ್ತೇನೆ.

ಅಂಡೋತ್ಪತ್ತಿ ಮುಂದಕ್ಕೆ ಹೋಗಿದೆಯೆಂದರೆ ಅದೇ ತಿಂಗಳ ಉಳಿದ ದಿನಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಹಾಗೆಯೇ ಉಳಿದಿದೆ ಎಂದರ್ಥ. ಇದನ್ನು ಯಾರೂ ತಮಗೆ ಹೇಳಿರಲಿಲ್ಲವೆಂದು ಹಲವರು ಬೇಸರಪಡುತ್ತಾರೆ, ಅದು ನ್ಯಾಯವಾದ ಬೇಸರ. "ಮುಂದೆ ಮಕ್ಕಳಾಗುವುದಿಲ್ಲವೇ ಮೇಡಂ?" ಎಂದು ಕೇಳುವ ಹುಡುಗಿಯರಿಗೆ, ಈ ಮಾತ್ರೆಯಿಂದ ಬಂಜೆತನ ಬರುವುದಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತೇನೆ. ಮೇಲಿಂದ ಮೇಲೆ ತೆಗೆದುಕೊಂಡರೆ ಮುಟ್ಟಿನ ಲೆಕ್ಕ ತಪ್ಪುತ್ತದೆ, ಆದ್ದರಿಂದ ಅವರಿಗೆ ಒಗ್ಗುವ ನಿತ್ಯದ ವಿಧಾನವನ್ನು ಅಂದೇ ಚರ್ಚಿಸುತ್ತೇನೆ.

ಫಿಟ್ಸ್‌ಗೆ ಕಾರ್ಬಮಝೆಪೈನ್, ಫೆನಿಟಾಯಿನ್, ಕ್ಷಯಕ್ಕೆ ರಿಫಾಂಪಿಸಿನ್ ಸೇವಿಸುವವರಲ್ಲಿ ಮಾತ್ರೆಯ ಬಲ ಕುಗ್ಗುತ್ತದೆ. ಅಂಥವರು ಸಂಭೋಗವಾದ ಐದು ದಿನಗಳೊಳಗೆ ಬಂದರೆ ಕಾಪರ್-ಟಿ ಹಾಕಿಸಿಕೊಳ್ಳಲು ಸೂಚಿಸುತ್ತೇನೆ. ಮೊದಲ ಕೆಲವು ತಿಂಗಳು ರಕ್ತಸ್ರಾವವೂ ಹೊಟ್ಟೆನೋವೂ ಹೆಚ್ಚಬಹುದೆಂಬುದನ್ನು ಹಾಕುವ ಮೊದಲೇ ತಿಳಿಸಿರುತ್ತೇನೆ.