ಜೋರು ಮಾಡದೆ ಬಿಡಿಸಿದ ಭುಜ

ಎಳೆಯದೆ, ತಿರುಚದೆ ಫ್ರೋಜನ್ ಶೋಲ್ಡರ್, ಅಂದರೆ ನೋವಿನಿಂದ ಬಿಗಿದುಹೋದ ಭುಜದ ಕೀಲು, ಬಿಡುತ್ತದೆ ಅಂದಾಗ ಜೊತೆಗಿದ್ದ ಫಿಸಿಯೋಥೆರಪಿಸ್ಟ್‌ಗಳು ನಂಬಲಿಲ್ಲ. ‘ಸುಮ್ನೆ ಸವರಿದರೆ ಕೀಲು ಬಿಡುತ್ತಾ?’ ಅಂದಿದ್ದರು. ಈಗ ತಮ್ಮ ಕೈಗೆ ಬಗ್ಗದ ಭುಜಗಳನ್ನು ಅವರೇ ನನ್ನ ಹತ್ತಿರ ಕಳಿಸುತ್ತಾರೆ.

ಮೊದಮೊದಲು ನಾನೂ ಜೋರು ಮಾಡಿದವನೇ. ಸಕ್ಕರೆ ಕಾಯಿಲೆ ಇದ್ದ ಒಬ್ಬ ಹೆಂಗಸಿಗೆ ಮೊದಲ ವಾರವೇ ನಾಲ್ಕನೇ ಗ್ರೇಡ್ ಕೊಟ್ಟೆ, ಅಂದರೆ ಕೀಲು ತಡೆಯುವ ಕೊನೆಯವರೆಗೂ ಒತ್ತಿದೆ. ಎರಡು ರಾತ್ರಿ ಅವರಿಗೆ ನಿದ್ದೆಯಿಲ್ಲ. ಕೈ ಮೊದಲಿಗಿಂತ ಕೆಳಗೇ ನಿಂತಿತು. ಆಮೇಲೆ ಅವರು ಬರಲೇ ಇಲ್ಲ. ಅದು ಇವತ್ತಿಗೂ ಚುಚ್ಚುತ್ತದೆ. ರಾತ್ರಿ ನೋವು ಕಾಡುವ ಭುಜಕ್ಕೆ ಮೆತ್ತಗಿನ ಒಂದು, ಎರಡನೇ ಗ್ರೇಡೇ ಸಾಕು ಅಂತ ಓದಿದ್ದೆ. ಕೈಗೆ ಮಾತ್ರ ಬಂದಿರಲಿಲ್ಲ.

ಮೆತ್ತಗೆ ಕೈಯಿಂದಲೇ ಮಾಡಲು ಹೊರಟಾಗ ದುಡ್ಡಿನ ಪೆಟ್ಟೂ ಬಿತ್ತು. ಕಂತಿನ ಮೇಲೆ ಕೊಂಡ ಚಿಕಿತ್ಸೆಯ ಎರಡು ಮಷಿನ್ ಮೂಲೆ ಸೇರಿದವು, ಕಂತು ನಿಲ್ಲಲಿಲ್ಲ. ಒಬ್ಬರಿಗೆ ಅರ್ಧ ಗಂಟೆ ಕೈಯಿಟ್ಟು ಕೂತರೆ ಮಷಿನ್ ಮೇಲೆ ಮೂವರನ್ನು ಮುಗಿಸುವ ಹೊತ್ತು ಹೋಗುತ್ತದೆ, ಅಲ್ವಾ? ಮೊದಲ ವರ್ಷ ಗಳಿಕೆ ಸುಮಾರು ಮೂರನೇ ಒಂದು ಪಾಲು ಇಳಿಯಿತು.

ಫಲ ಕೊಟ್ಟಿದ್ದು ಹಿಂದಕ್ಕೆ ಕೊಡುವ ಗ್ಲೈಡ್, ಅಂದರೆ ತೋಳಿನ ಮೂಳೆಯ ತಲೆಯನ್ನು ಕೀಲಿನೊಳಗೆ ಹಿಂದಕ್ಕೆ ಜಾರಿಸುವುದು. ಎಕ್ಸ್‌ಟರ್ನಲ್ ರೊಟೇಶನ್‌ಗೆ, ಅಂದರೆ ಕೈ ಹೊರಕ್ಕೆ ತಿರುಗಲು, ಮುಂದಕ್ಕೆ ತಳ್ಳಬೇಕು ಅಂತಲ್ಲವೇ ನಾವೆಲ್ಲ ಕಲಿತಿದ್ದು? ಒಬ್ಬರಿಗೆ ತಿಂಗಳುಗಟ್ಟಲೆ ಹಾಗೇ ಮಾಡಿದೆ. ಕೀಲು ಎಷ್ಟು ತಿರುಗುತ್ತದೆ ಅಂತ ಅಳೆಯುವ ಗೋನಿಯೋಮೀಟರ್ 15 ಡಿಗ್ರಿ ದಾಟಲಿಲ್ಲ. ಒಂದು ದಿನ ಕೈಯನ್ನು ಹೊರಕ್ಕೆ ತಿರುಗುವಷ್ಟು ತಿರುಗಿಸಿ, ಅಲ್ಲೇ ಹಿಡಿದು, ಹಿಂದಕ್ಕೆ ಮೆತ್ತಗೆ ಒತ್ತಿದೆ. ಒಂದೊಂದು ಸಲ ಸುಮಾರು ಒಂದು ನಿಮಿಷ. ಐದಾರನೇ ಸಲಕ್ಕೆ ಅಂಗೈ ಕೆಳಗೆ ನೆನೆದ ಚರ್ಮ ಹಿಗ್ಗಿದ ಹಾಗಾಯಿತು. ಅವರ ಹುಬ್ಬಿನ ಗಂಟು ಸಡಿಲವಾಯಿತು. ಅವತ್ತೇ ಎಂಟು ಹತ್ತು ಡಿಗ್ರಿ ಬಂತು. ಎರಡು ತಿಂಗಳಿಗೆ 45ರ ಆಸುಪಾಸು. ಒಂದು ದಿನ ತಾವೇ ಜಡೆ ಹೆಣೆದುಕೊಂಡು ಬಂದು, ಬಾಗಿಲಲ್ಲೇ ತಿರುಗಿ ತೋರಿಸಿದರು. ನನಗೆ ಮಾತೇ ಹೊರಡಲಿಲ್ಲ. ಹಿಂದಿನ ಗ್ಲೈಡೇ ಮೇಲು ಅಂತ 2007ರ ಒಂದು ಅಧ್ಯಯನವೂ ಹೇಳಿತ್ತು. ನಾನು ಓದಿದ್ದು ಆಮೇಲೆ.

ಒತ್ತುವಾಗ ಇನ್ನೊಂದು ಕೈ ಎಲ್ಲಿರಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಎದುರಿಗೆ ಕೂರಿಸಿಕೊಂಡೇ ತೋರಿಸಬೇಕು.

ಇದೇ ನಿಧಾನವನ್ನು ಪ್ಲಾಸ್ಟರ್ ಬಿಚ್ಚಿದ ಕಾಲಿಗೂ ಹಚ್ಚಿ ನೋಡಿದೆ. ಬೆಲ್ಟ್ ಹಾಕಿ, ಪಾದದ ಕೀಲಿನ ಮೂಳೆಯಾದ ಟೇಲಸ್ ಹಿಂದಕ್ಕೆ ಹಿಡಿದು ಮಂಡಿ ಮುಂದಕ್ಕೆ ಬಗ್ಗಿಸಿದಾಗ, ಮಂಡಿಗೂ ಗೋಡೆಗೂ ನಡುವೆ ಇದ್ದ ಅಂತರ ಮೂರು ವಾರದಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಕಮ್ಮಿಯಾಯಿತು. ಮೊಣಕೈಯಲ್ಲಿ ಮಾತ್ರ ಸೋತೆ. ಬಗ್ಗಿಸುವಾಗ ಕೀಲು ಕೊನೆಯಲ್ಲಿ ಕಲ್ಲಿಗೆ ಕಲ್ಲು ತಾಗಿದಂತೆ ನಿಂತರೆ ಈಗ ಅವತ್ತೇ ನನ್ನ ಕೈ ತೆಗೆದು, ಎಕ್ಸ್‌ರೇ ಮಾಡಿಸಿ ಅನ್ನುತ್ತೇನೆ.