ಘಾಟಿಯಲ್ಲಿ ಚಿನ್ನುವಿನ ವಾಂತಿ ನಿಂತಿದ್ದು ಹೀಗೆ

ಬೆಂಗಳೂರಿನಿಂದ ಮಂಗಳೂರಿಗೆ ಹೊರಟರೆ ಸಕಲೇಶಪುರ ದಾಟುವಷ್ಟರಲ್ಲಿ ನಮ್ಮ ಚಿನ್ನು ವಾಂತಿ ಶುರು ಮಾಡುತ್ತಿದ್ದಳು. 5 ತಿಂಗಳ ನಾಯಿಮರಿ. ಪಾಪ ಅಂತ ಹೊರಡುವ ಮುಂಚೆ ಹೊಟ್ಟೆ ತುಂಬ ಮೊಸರನ್ನ ಹಾಕುತ್ತಿದ್ದೆ. ತಪ್ಪು ಅಲ್ಲೇ ಇತ್ತು! ಮರಿಗಳ ಒಳಕಿವಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ, ತಿರುವುಗಳಲ್ಲಿ ತಲೆ ಸುತ್ತುವುದು ಜಾಸ್ತಿ, ಹೊಟ್ಟೆ ತುಂಬಿದ್ದರೆ ವಾಂತಿಯೂ ಬೇಗ ಎಂದರು ಪಶುವೈದ್ಯರು.

ಈಗ ಹೊರಡುವ 6 ಗಂಟೆ ಮೊದಲೇ ಊಟ ಮುಗಿಸುತ್ತೇನೆ. ನೀರು ಮಾತ್ರ ಆಗಾಗ, ಸ್ವಲ್ಪ ಸ್ವಲ್ಪ. ವೈದ್ಯರು ತೂಕ ನೋಡಿ ಬರೆದುಕೊಟ್ಟ, ವಾಂತಿ ತಡೆಯುವ ಮಾರೋಪಿಟಂಟ್ ಮಾತ್ರೆ 2 ಗಂಟೆ ಮುಂಚೆ. ಹಿಂದಿನ ಸೀಟಿನಲ್ಲಿ ಅವಳಿಗೆ ಬೆಲ್ಟ್, ಕಿಟಕಿ ಎರಡು ಬೆರಳಿನಷ್ಟು ತೆರೆದು. ಅದಕ್ಕೂ ಮೊದಲು ಎರಡು ವಾರ ದಿನಾ ಬಡಾವಣೆಯಲ್ಲೇ 10 ನಿಮಿಷ ಸುಮ್ನೆ ಕಾರಿನಲ್ಲಿ ಸುತ್ತಿಸಿದೆ. ಮನೆಯವರು ನಕ್ಕಿದ್ದೇ ನಕ್ಕಿದ್ದು.

ಹೋದ ವಾರ ಶಿರಾಡಿ ಘಾಟಿ ಇಳಿದು ಗುಂಡ್ಯದಲ್ಲಿ ನಿಲ್ಲಿಸಿದಾಗ ಸೀಟು ಒದ್ದೆಯೇ ಆಗಿರಲಿಲ್ಲ. ಚಿನ್ನು ಬಾಲ ಆಡಿಸುತ್ತ ನನ್ನ ಬನ್ಸ್ ಮೇಲೆ ಕಣ್ಣಿಟ್ಟಿದ್ದಳು.