ಅಮೆರಿಕದ ಅಂಗಡಿಯಲ್ಲಿ ಕುಲಾಂತರಿ ಆಹಾರ: ಲೇಬಲ್ ಓದುವುದು ಹೇಗೆ?

ಒಗ್ಗರಣೆಗೆ ಬಳಸುವ ಕನೋಲಾ ಎಣ್ಣೆಯಿಂದಲೇ ಶುರು ಮಾಡೋಣ. ಅಮೆರಿಕದಲ್ಲಿ ಬೆಳೆಯುವ ಕನೋಲಾ ಬಹುಪಾಲು ಕುಲಾಂತರಿಯೇ, ಅಂದರೆ ವಂಶವಾಹಿ ಬದಲಿಸಿದ ತಳಿ. ಆದರೂ ಕ್ಯಾನಿನ ಮೇಲೆ ಹಾಗೆಂದು ಬರೆದಿರಲೇಬೇಕೆಂದಿಲ್ಲ. 2022ರ ಜನವರಿ 1ರಿಂದ ಕುಲಾಂತರಿ ಎಂದು ತಿಳಿಸುವ ‘ಬಯೋಎಂಜಿನಿಯರ್ಡ್’ ಲೇಬಲ್ ಕಡ್ಡಾಯವಾಗಿದೆ, ನಿಜ. ಆದರೆ ಎಣ್ಣೆ ಶುದ್ಧೀಕರಿಸಿದ ಮೇಲೆ ಬದಲಾದ ಡಿಎನ್ಎ ಪತ್ತೆಯಾಗದಿದ್ದರೆ ತಿಳಿಸಬೇಕಾಗಿಲ್ಲ ಎಂದು ಅಮೆರಿಕದ ಕೃಷಿ ಇಲಾಖೆ (ಯುಎಸ್‌ಡಿಎ) ನಿಯಮ ಬರೆಯಿತು. ಈ ವಿನಾಯಿತಿ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಮುಂದೆ ಬದಲಾದರೂ ಆಗಬಹುದು.

ಸಕ್ಕರೆಯದೂ ಇದೇ ಕಥೆ. ಬರೀ ‘ಶುಗರ್’ ಎಂದಿದ್ದರೆ ಅದು ಸಕ್ಕರೆ ಬೀಟಿನದಿರಬಹುದು. ಇಲ್ಲಿನ ಆ ಬೆಳೆ ಹೆಚ್ಚುಕಡಿಮೆ ಪೂರ್ತಿ ಕುಲಾಂತರಿ. ‘ಕೇನ್ ಶುಗರ್’ ಎಂದಿದ್ದರೆ ಕಬ್ಬಿನದು. ಹೋಟೆಲ್ ಊಟಕ್ಕೆ ಲೇಬಲ್ ಇಲ್ಲ. ಕುಲಾಂತರಿ ಮೆಕ್ಕೆಜೋಳ ತಿಂದ ಹಸುವಿನ ಹಾಲಿಗೂ ಇಲ್ಲ.

ಕೃಷಿ ಇಲಾಖೆಯ ಕುಲಾಂತರಿ ಆಹಾರಗಳ ಪಟ್ಟಿಯಲ್ಲಿ ಸೋಯಾ, ಮೆಕ್ಕೆಜೋಳ, ಹತ್ತಿ, ಹವಾಯಿಯ ಪಪ್ಪಾಯಿಗಳ ಜೊತೆ ಬದನೆಯೂ ಇದೆ! ಗಾಬರಿ ಬೇಡ, ಅದು ಬಾಂಗ್ಲಾದೇಶದ ಬಿಟಿ (ಕೀಟ ತಡೆಯುವ ಕುಲಾಂತರಿ) ತಳಿ, ಅಮೆರಿಕದ ಹೊಲಗಳಲ್ಲಿ ಬೆಳೆಯುವುದಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ನಮ್ಮ ನಾಟಿ ಬದನೆಗಳ ಬಿಟಿ ರೂಪ ಸಿದ್ಧಪಡಿಸಿತ್ತು. ಬೆಂಗಳೂರು ಸೇರಿ ಹಲವೆಡೆ ಅಹವಾಲು ಕೇಳಿದ ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ 2010ರ ಫೆಬ್ರವರಿಯಲ್ಲಿ ಬಿಟಿ ಬದನೆಗೆ ತಡೆ ಹಾಕಿದರು.

ಭಾರತದಲ್ಲಿ ಜಗಳ ‘ಬೆಳೆಯಬೇಕೋ ಬೇಡವೋ’ ಎಂಬುದು. ಅಮೆರಿಕದಲ್ಲಿ ಬೆಳೆ ಆಗಲೇ ಹೊಲ ತುಂಬಿತ್ತು, ಜಗಳವೆಲ್ಲ ‘ಹೇಳಬೇಕೋ ಬೇಡವೋ’ ಎಂಬುದರ ಮೇಲೆ. 2012ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ ಲೇಬಲ್ ಬೇಡವೆಂದರು. ವರ್ಮಾಂಟ್ ರಾಜ್ಯ ತನ್ನದೇ ಲೇಬಲ್ ಕಾನೂನು ಮಾಡಿ 2016ರ ಜುಲೈ 1ರಂದು ಜಾರಿಗೂ ತಂದಿತು. ಅದೇ ತಿಂಗಳು ಒಬಾಮಾ ಸಹಿ ಹಾಕಿದ ಕೇಂದ್ರ ಕಾನೂನು ಅದನ್ನು ನುಂಗಿಹಾಕಿತು. ಬರಹದ ಬದಲು ಕ್ಯೂಆರ್ ಕೋಡ್ ಸಾಕು ಎಂಬ ಸೌಲಭ್ಯ ಬಂದದ್ದೂ ಅದರಿಂದಲೇ. ಸಾಮಾನು ತುಂಬಿದ ಗಾಡಿ, ಪಕ್ಕದಲ್ಲಿ ಹಟ ಮಾಡುವ ಮಗು, ಇದರ ನಡುವೆ ಫೋನ್ ತೆಗೆದು ಸ್ಕ್ಯಾನ್ ಮಾಡುವವರು ಯಾರು? ನನ್ನ ಮಟ್ಟಿಗೆ ಇದು ಕಂಪನಿಗಳ ಅನುಕೂಲಕ್ಕೆ ಹೊಲಿದ ಅಂಗಿ.

ಲೇಬಲ್ ಸುರಕ್ಷತೆಯ ಎಚ್ಚರಿಕೆಯಲ್ಲ ಎಂಬುದೂ ನೆನಪಿರಲಿ. ಮಾರಾಟದಲ್ಲಿರುವ ಕುಲಾಂತರಿ ಆಹಾರ ಉಳಿದವುಗಳಷ್ಟೇ ಸುರಕ್ಷಿತ ಎನ್ನುತ್ತದೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ. ಆದರೂ ಬೇಡ ಎನ್ನುವವರಿಗೆ ‘ಯುಎಸ್‌ಡಿಎ ಆರ್ಗ್ಯಾನಿಕ್’ ಮುದ್ರೆ ಸುಲಭದ ದಾರಿ. ಚಿಟ್ಟೆಯ ಚಿತ್ರದ ‘ನಾನ್ ಜಿಎಂಒ’ (ಕುಲಾಂತರಿಯಲ್ಲದ್ದು) ಮುದ್ರೆ ಖಾಸಗಿ ಸಂಸ್ಥೆಯದು. ಹಣ್ಣಿನ ಸ್ಟಿಕರಿನ ಐದಂಕಿ ಸಂಖ್ಯೆ 9ರಿಂದ ಶುರುವಾದರೆ ಸಾವಯವ. 8ರಿಂದ ಶುರುವಾದರೆ ಕುಲಾಂತರಿ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿದ್ದರೆ ಮುಂದೆ ಕಳಿಸಬೇಡಿ, ಆ ಗುರುತು ಅಂಗಡಿಗಳಲ್ಲಿ ಬಳಕೆಗೆ ಬರಲೇ ಇಲ್ಲ.